ಬಿಡಿ ನಾಟಕಗಳು ಮತ್ತು ಹಿತ್ತಿಲ ಬಾಗಿಲು

ಅರವತ್ತರ ದಶಕದ ಕೊನೆಯ ಭಾಗದಲ್ಲಿ ರೇಡಿಯೋದಲ್ಲಿ ವಾರಕ್ಕೊಮ್ಮೆ, ಸಂಜೆ ಕಳೆದು ಊಟದ ಹೊತ್ತಿಗೆ ಮೊದಲು, ಭಯದ ನಾಟಕವೊಂದು ಬರುತ್ತಿತ್ತು. ಅದರಲ್ಲಿ ಎರಡು ಬಗೆ. ಕೆಲವು ವಾರ ಒಬ್ಬ ಡಾಕ್ಟರು ಬರುತ್ತಿದ್ದರು. ದೆವ್ವ ಇದೆ ಎಂದು ಯಾರು ಕರೆದರೂ ಬ್ಯಾಗು ಹಿಡಿದು ಹೊರಡುವವರು. ಉಳಿದ ವಾರಗಳಲ್ಲಿ ಬಿಡಿ ನಾಟಕಗಳು. ಹಿಂದಿನ ವಾರಕ್ಕೂ ಮುಂದಿನ ವಾರಕ್ಕೂ ಅವಕ್ಕೆ ಸಂಬಂಧವಿಲ್ಲ. ಆ ಜನ ಅರ್ಧ ಗಂಟೆ ಬದುಕಿ ಅಲ್ಲಿಗೇ ಮುಗಿಯುತ್ತಿದ್ದರು. ನಾನು ಕಾಯುತ್ತಿದ್ದದ್ದು ಇವುಗಳಿಗೆ.

ಡಾಕ್ಟರು ಇನ್ನೊಂದು ವಾರ ಬರಲೇಬೇಕು, ಆದ್ದರಿಂದ ಸಾಯುವುದಿಲ್ಲ. ಅಷ್ಟು ಗೊತ್ತಾದ ಮೇಲೆ ಹೆದರುವುದೇನಿದೆ? ಬಿಡಿ ನಾಟಕದಲ್ಲಿ ಯಾರಿಗೂ ಮುಂದಿನ ವಾರದ ಭರವಸೆ ಇಲ್ಲ. ಒಂದರಲ್ಲಿ ಸ್ಟೇಷನ್ ಮಾಸ್ಟರೊಬ್ಬ ವೇಳಾಪಟ್ಟಿಯಲ್ಲಿಲ್ಲದ ರೈಲಿಗೆ ಗಂಟೆ ಬಾರಿಸುತ್ತಾನೆ. ರೈಲಿನ ಸದ್ದು ಬರಲಿಲ್ಲ. ಬಹಳ ಜನ ಪ್ಲಾಟ್‌ಫಾರಂ ಮೇಲೆ ನಡೆದು ಬರುವ ಚಪ್ಪಲಿ ಸದ್ದು ಬಂತು, ನಾಟಕ ಮುಗಿಯಿತು. ಎಷ್ಟನ್ನು ಹೇಳದೆ ಬಿಡಬೇಕು ಎಂದು ಅಷ್ಟು ಚೆನ್ನಾಗಿ ತಿಳಿದವರನ್ನು ನಾನು ಓದಿದ ಪುಸ್ತಕಗಳಲ್ಲೂ ಹೆಚ್ಚು ಕಂಡಿರಲಿಲ್ಲ.

ಆಗ ನಾನು ಎಂ.ಎ. ಮುಗಿಸಿ ಶಿವಮೊಗ್ಗದ ಮನೆಯಲ್ಲಿ ಕೆಲಸಕ್ಕೆ ಕಾಯುತ್ತಿದ್ದೆ. ಮನೆಯಲ್ಲಿ ರೇಡಿಯೋ ಇರಲಿಲ್ಲ. ಭದ್ರಾವತಿಯ ಕಾರ್ಖಾನೆಯಲ್ಲಿದ್ದ ಅಣ್ಣನ ಕ್ವಾರ್ಟರ್ಸಿನಲ್ಲಿ ಇತ್ತು. ಒಂದಕ್ಕೊಂದು ಅಂಟಿಕೊಂಡ ಮನೆಗಳ ಸಾಲು ಅದು, ಎಲ್ಲರೂ ಲೈನು ಎನ್ನುತ್ತಿದ್ದರು. ಅತ್ತಿಗೆ ಬಸುರಿಯಾದದ್ದರಿಂದ ಅಜ್ಜಿ ಅಲ್ಲಿಗೆ ಹೋಗಿದ್ದರು, ಕೈಗೆ ಆಸರೆಯಾಗಲಿ ಎಂದು ನನ್ನನ್ನೂ ಕರೆಸಿಕೊಂಡರು. ನಾನು ಒಂದೇ ಮಾತಿಗೆ ಹೊರಟದ್ದು ರೇಡಿಯೋಕ್ಕಾಗಿ ಎಂದು ಯಾರಿಗೂ ಹೇಳಲಿಲ್ಲ.

ಹಿಂದಿನ ವರ್ಷ ಅತ್ತಿಗೆಗೆ ಏಳನೇ ತಿಂಗಳಲ್ಲಿ ಮಗು ಹೋಗಿತ್ತು. ಆ ಮಾತನ್ನು ಮನೆಯಲ್ಲಿ ಯಾರೂ ಎತ್ತುತ್ತಿರಲಿಲ್ಲ. ಈ ಸಲವೂ ಏಳನೆಯದು ಹತ್ತಿರವಾಗುತ್ತಿತ್ತು.

ಬಸುರಿ ದೆವ್ವದ ಕಥೆ ಕೇಳಬಾರದು ಎಂಬುದು ಅಜ್ಜಿಯ ಕಟ್ಟಪ್ಪಣೆ. ನಾಟಕದ ಹೊತ್ತಿಗೆ ಅತ್ತಿಗೆಯ ಹಣೆಗೆ ವಿಭೂತಿ ಹಚ್ಚಿ, ಹಿತ್ತಿಲಿಗೆ ಕಳಿಸಿ, ಬಾಗಿಲು ಹಾಕಿ ಚಿಲಕ ಎಳೆಯುತ್ತಿದ್ದರು. ಆಮೇಲೆ ತಾವೇ ಎಲ್ಲರಿಗಿಂತ ಮುಂದೆ ರೇಡಿಯೋಕ್ಕೆ ಕಿವಿ ಕೊಟ್ಟು ಕೂರುತ್ತಿದ್ದರು.

"ನೀವು ಮಾತ್ರ ಕೇಳ್ಬೋದಾ ಅಜ್ಜಿ?" ಎಂದು ಅಣ್ಣ ಕೆಣಕಿದ.

"ನಂಗೇನು ಈಗ ಮಗು ಆಗತ್ತೇನೋ? ಸುಮ್ನೆ ಕೂತ್ಕೊ, ನಾಟಕದಲ್ಲಿ ಬಾಗಿಲು ಕಿರ್ ಅಂತು, ಆಮೇಲಿಂದು ಕೇಳಿಸ್ಲಿಲ್ಲ ನಿನ್ನಿಂದ."

ಮಾರನೆಯ ಬೆಳಿಗ್ಗೆ ಅಜ್ಜಿ ಪೂಜೆಗೆ ಕೂತಾಗ ಅತ್ತಿಗೆ ಸೊಪ್ಪಿನ ಮೊರ ತಂದು ನನ್ನ ಮುಂದಿಡುತ್ತಿದ್ದರು. "ಹೇಳು ಮಾರಾಯ್ತಿ. ಹಗಲು ಕೇಳಿದ್ರೆ ದೋಷ ಇಲ್ಲ." ಸೊಪ್ಪು ಸೋಸಿ ಮುಗಿಯುವುದರೊಳಗೆ ಒಂದು ಬಿಡಿ ನಾಟಕ ಪೂರ್ತಿ ಹೇಳಬಹುದಿತ್ತು. ಸದ್ದುಗಳನ್ನೂ ಬಿಡದೆ ಹೇಳುತ್ತಿದ್ದೆ. ಮನೆಯಲ್ಲಿ ಅಷ್ಟು ಮಾತಾಡುತ್ತಿದ್ದದ್ದು ಆಗ ಮಾತ್ರ.

ಒಂದು ವಾರ ತೊಟ್ಟಿಲಿನ ನಾಟಕ ಬಂತು. ಬಾಡಿಗೆ ಮನೆಗೆ ಬಂದ ಗಂಡ ಹೆಂಡತಿಗೆ ಪಕ್ಕದ ಖಾಲಿ ಕೋಣೆಯಿಂದ ತೊಟ್ಟಿಲು ತೂಗುವ ಕಿರುಗುಟ್ಟುವಿಕೆ ಕೇಳಿಸುತ್ತದೆ. ಗಂಡ ಮನೆ ಬಿಡೋಣ ಎನ್ನುತ್ತಾನೆ. ಹೆಂಡತಿ ಆ ಕೋಣೆಗೆ ಹೋಗಿ ಬಾಗಿಲಲ್ಲಿ ಕೂತು ಮೆಲ್ಲಗೆ ಜೋಗುಳ ಹಾಡುತ್ತಾಳೆ. ಸದ್ದು ನಿಧಾನವಾಗಿ ನಿಲ್ಲುತ್ತದೆ. ಅಷ್ಟೇ. ನಾನು ಕೇಳಿದವುಗಳಲ್ಲೆಲ್ಲ ಅದೇ ಶ್ರೇಷ್ಠ ಎಂದು ಇಂದಿಗೂ ಅಂದುಕೊಂಡಿದ್ದೇನೆ. ಅಜ್ಜಿ ಎದ್ದುಹೋದರು. ಇದನ್ನು ಅತ್ತಿಗೆಗೆ ಹೇಳಬಾರದು ಎಂದು ನಾನು ನಿಶ್ಚಯಿಸಿದೆ.

ಬೆಳಿಗ್ಗೆ ಮೊರ ಬಂತು.

"ನಿನ್ನೆದು ಅಷ್ಟು ಚೆನ್ನಾಗಿರ್ಲಿಲ್ಲ ಅತ್ತಿಗೆ."

"ಚೆನ್ನಾಗಿತ್ತು," ಎಂದರು ಅವರು, ಸೊಪ್ಪಿನಿಂದ ಕಣ್ಣೆತ್ತದೆ.

"ನಿಮಗೆ ಹೇಗೆ ಗೊತ್ತು?" ಎಂದೆ.

"ನಮ್ಮನೆ ಬಾಗಿಲು ಹಾಕಿದ್ರೆ ಲೈನಿನ ಬಾಗಿಲೆಲ್ಲ ಮುಚ್ಚತ್ತೇನೆ? ಪಕ್ಕದ ತಮಿಳರ ಮನೇಲೂ ಅದೇ ನಾಟಕ ಹಾಕಿರ್ತಾರೆ, ಅದರಾಚೆ ಮನೇಲೂ ಅದೇ. ಒಂದು ಕಡೆ ತಪ್ಪಿದ ಮಾತು ಇನ್ನೊಂದು ಕಡೆ ಸಿಗತ್ತೆ. ಒಳಗಿಂತ ಹಿತ್ತಿಲಲ್ಲೇ ಚೆನ್ನಾಗಿ ಕೇಳತ್ತೆ."

"ಮತ್ತೆ ಇಷ್ಟು ದಿನ ನನ್ನ ಹತ್ರ ಯಾಕೆ ಹೇಳಿಸ್ಕೊಂಡ್ರಿ?"

"ಕತ್ತಲಲ್ಲಿ ಒಬ್ಬಳೇ ನಿಂತು ಕೇಳಿದ್ದು ಮುಗಿಯಲ್ಲ ಕಣೆ, ತಲೇಲಿ ಹಾಗೇ ಇರತ್ತೆ. ನೀನು ಹೇಳಿದ್ರೆ ಮುಗಿಯತ್ತೆ." ಮೊರವನ್ನು ನನ್ನ ಕಡೆ ತಳ್ಳಿ, "ಇದನ್ನೂ ಹೇಳು," ಎಂದರು.

ಹೇಳಿದೆ. ಜೋಗುಳದವರೆಗೆ ಬಂದೆ. ಅತ್ತಿಗೆ ಸೊಪ್ಪು ಕೆಳಗಿಟ್ಟು, "ನಮ್ಮ ತೊಟ್ಟಿಲನ್ನ ಎಲ್ಲಿಟ್ಟಿದೀರಿ ಅಂತ ನಾನು ಕೇಳ್ಲೇ ಇಲ್ಲ," ಎಂದರು.

"ಅಟ್ಟದ ಮೇಲಿದೆ."

ಹೇಳಿದ್ದು ಅಜ್ಜಿ. ಪೂಜೆಯಿಂದ ಎದ್ದು ಬಂದು ಬಾಗಿಲಲ್ಲಿ ನಿಂತಿದ್ದರು. ಎಷ್ಟು ಹೊತ್ತಿನಿಂದ ನಿಂತಿದ್ದರೋ. "ನಿನ್ನ ಕಣ್ಣಿಗೆ ಬೀಳೋದು ಬೇಡ ಅಂತ ನಾನೇ ಸೀರೆ ಸುತ್ತಿ ಹಾಕ್ಸಿದೀನಿ ಮಗಾ." ಅತ್ತಿಗೆ ಆಗ ಅತ್ತರು. ಆ ಮನೆಯಲ್ಲಿ ಅವರು ಎಲ್ಲರೆದುರು ಅತ್ತದ್ದನ್ನು ನಾನು ನೋಡಿದ್ದು ಅದೇ ಮೊದಲು. ಅಜ್ಜಿ ಪಕ್ಕದಲ್ಲಿ ಕೂತು ಉಳಿದ ಸೊಪ್ಪು ಸೋಸಿದರು. ಏಳುವಾಗ, "ಮುಂದಿನ ವಾರ ಒಳಗೇ ಕೂತ್ಕೊ. ಹಿತ್ತಿಲಲ್ಲಿ ಸೊಳ್ಳೆ," ಎಂದರು.

ಮುಂದಿನ ವಾರ ಬಂದದ್ದು ಡಾಕ್ಟರು.

"ಅಯ್ಯೋ, ಇವರಾ? ಇವರಿಗೆ ಏನೂ ಆಗಲ್ಲ," ಎಂದೆ ನಾನು.

"ಆಗ್ದೇ ಇರ್ಲಿ ಬಿಡು ಮಾರಾಯ್ತಿ. ಒಬ್ಬರಾದ್ರೂ ಮುಂದಿನ ವಾರಕ್ಕೆ ಉಳೀಲಿ," ಎಂದರು ಅತ್ತಿಗೆ. ಡಾಕ್ಟರು ಪಾಳುಮನೆಯಿಂದ ಕೆಮ್ಮುತ್ತ ಹೊರಬಂದಾಗ ಅಜ್ಜಿ, ಅತ್ತಿಗೆ ಇಬ್ಬರೂ ಒಟ್ಟಿಗೆ ಉಸಿರು ಬಿಟ್ಟರು.

ಏಳನೇ ತಿಂಗಳು ದಾಟಿತು. ಹೆರಿಗೆಗೆ ತವರಿಗೆ ಹೋದ ಅತ್ತಿಗೆ ಮಗಳನ್ನು ಎತ್ತಿಕೊಂಡು ಬಂದ ದಿನ ನಾನೂ ಭದ್ರಾವತಿಯಲ್ಲಿದ್ದೆ. ಅಣ್ಣ ಅಟ್ಟದಿಂದ ತೊಟ್ಟಿಲು ಇಳಿಸಿ ಕಟ್ಟಿದ. ತೂಗಿದರೆ ಕಿರುಗುಟ್ಟಿತು. ಅವನು ಕೊಂಡಿಗೆ ಹಾಕಲು ಎಣ್ಣೆ ತಂದ.

"ಬೇಡ, ಹಾಗೇ ಇರ್ಲಿ," ಎಂದರು ಅತ್ತಿಗೆ. "ಲೈನಿಗೆಲ್ಲ ಕೇಳಿಸ್ಲಿ."