ಬಾವುಟ ಕಿತ್ತ ಮೇಲೆ ಹೆಸರು

ಲಾಂಗ್ ಸುವಾನ್ ಹೊಳೆಯ ಸ್ಪರ್ಧೆಯಲ್ಲಿ ಮುಂದೆ ಬಂದ ದೋಣಿಯೇ ಗೆಲ್ಲುತ್ತದೆ ಎನ್ನುವಂತಿಲ್ಲ. ಗುರಿ ಹತ್ತಿರವಾದಂತೆ ಮುಂದೆ ಕೂತ ಮೂತಿಯಾಳು ಎದ್ದು, ದೋಣಿಯ ಒದ್ದೆ ಮೂತಿಯ ಮೇಲೆ ತೆವಳಿ, ನೀರಿನ ಮೇಲೆ ಸಿಕ್ಕಿಸಿದ ಬಾವುಟವನ್ನು ಕೀಳಬೇಕು. ಕಾಲು ದೋಣಿ ಬಿಡುವ ಮೊದಲು ಕೈ ಬಾವುಟ ಹಿಡಿದಿರಬೇಕು. ಆಮೇಲೆ ಅವನು ನೀರಿಗೆ ಬಿದ್ದರೂ ಚಿಂತೆಯಿಲ್ಲ.

ಇದನ್ನೆಲ್ಲ ಮೊತ್ ಎಂಬ ಹುಡುಗಿ ಚಿಕ್ಕಂದಿನಲ್ಲಿ ಕಲಿತದ್ದು ಅಮ್ಮನ ಬಾಳೆಹಣ್ಣಿನ ಒಲೆಯ ಪಕ್ಕದಲ್ಲಿ. ಅಮ್ಮ ದಡದಲ್ಲಿ ಕೆಂಡದ ಮೇಲೆ ಹಣ್ಣು ಸುಡುತ್ತಿದ್ದಳು, ಬೆನ್ನು ಹೊಳೆಗೆ.

"ಯಾರೇ ಮುಂದೆ?"

"ನಮ್ಮೋರು ಅರ್ಧ ದೋಣಿ ಹಿಂದಮ್ಮ. ಹುಟ್ಟು ಎತ್ತೋದೇ ತಡ ಮಾಡ್ತಾವ್ರೆ."

ಹಣ್ಣು ಕೊಳ್ಳಲು ಬಂದವರು ಹೊಳೆ ಬಿಟ್ಟು ಹುಡುಗಿಯ ಬಾಯಿ ನೋಡುತ್ತ ನಿಲ್ಲುತ್ತಿದ್ದರು. ಊರ ದೋಣಿಯನ್ನು ಹೆಣ್ಣುಮಕ್ಕಳು ಹತ್ತುವಂತಿರಲಿಲ್ಲ. ದೋಣಿಯಲ್ಲಿ ನೆಲೆಸಿದ ದೇವತೆ-ತಾಯಿಗೆ ಅದು ಒಗ್ಗುವುದಿಲ್ಲ. ಮೊತ್ ಅದಕ್ಕೆ ಮುನಿದವಳಲ್ಲ. ಪ್ರತಿ ವರ್ಷ ಮೂತಿಗೆ ಕಟ್ಟುವ ಹೂಮಾಲೆಯನ್ನು ತಾನೇ ಪೋಣಿಸಿ, ದಡದಲ್ಲೇ ನಿಂತು ಕೈಮುಗಿದು ಕೊಡುತ್ತಿದ್ದಳು. ಆದರೆ ದೋಣಿ ಹೊರಟಿತೆಂದರೆ ಅವಳ ನಾಲಿಗೆ ಅದರ ಜೊತೆಗೇ ಹೊರಡುತ್ತಿತ್ತು.

ಇಪ್ಪತ್ತನಾಲ್ಕನೆಯ ವಯಸ್ಸಿನಲ್ಲಿ ಅವಳು ಸ್ಪರ್ಧೆಯ ವಿವರಣೆ ಹೇಳುವ ಕೆಲಸ ಕೇಳಿಕೊಂಡು ಊರ ರೇಡಿಯೋ ಕೇಂದ್ರದ ಮೆಟ್ಟಿಲು ಹತ್ತಿದಳು. ಎರಡು ಸಲ ವಾಪಸ್ಸು ಕಳಿಸಿದರು. ಮೂವತ್ತು ವರ್ಷ ಹೊಳೆಯ ಸ್ಪರ್ಧೆಗೆ ದನಿಯಾಗಿದ್ದ ಚವಲಿತ್‌ರ ಗಂಟಲು ಆ ವರ್ಷ ಕೈಕೊಟ್ಟಿತು. ಮೂರನೆಯ ಸಲ ಹೋದಾಗ ಅವರೇ ಒಳಗೆ ಕರೆದರು.

"ಕೊನೇ ಪಂದ್ಯ ನೀನು ಹೇಳು. ಆದ್ರೆ ಕೇಳು, ಕೆಂಪು ದೋಣಿ ಮೂತಿಯಾಳು ನಿಮ್ಮಣ್ಣ. 'ನಮ್ಮೋರು' ಅಂತ ಒಂದು ಮಾತು ಬಂದ್ರೂ ಸ್ವಿಚ್ ಆರಿಸ್ತೀನಿ. ಆಮೇಲೆ ಈ ಕಡೆ ತಲೆ ಹಾಕ್ಬೇಡ."

"ಆಯ್ತು ಮಾಮ."

"ಇನ್ನೊಂದು. ಬಾವುಟ ಕಿತ್ತ ಮೇಲೇ ಗೆದ್ದೋರ ಹೆಸರು."

ಸ್ಪರ್ಧೆಯ ದಿನ ಅವಳು ಅಟ್ಟಣಿಗೆಯ ಮೇಲೆ ಕೂತು ಮೈಕು ಹಿಡಿದಳು. ಚವಲಿತ್ ಪಕ್ಕದಲ್ಲೇ ಇದ್ದರು, ಬೆರಳು ಸ್ವಿಚ್ಚಿನ ಮೇಲೆ. ಅವಳ ದನಿ ರೇಡಿಯೋದಲ್ಲಿ ಮಾತ್ರವಲ್ಲ, ಎರಡೂ ದಡದ ಧ್ವನಿವರ್ಧಕಗಳಲ್ಲೂ ಮೊಳಗುತ್ತಿತ್ತು. ಈ ದಡದಲ್ಲಿ ಕೆಂಪು ದೋಣಿಯ ಅವಳ ಊರಿನವರು. ಆ ದಡದಲ್ಲಿ ಹಸಿರು ದೋಣಿಯ ಥಾ ಮಾಪ್ರಾವ್ ಊರಿನವರು.

ಎರಡು ದೋಣಿಗಳೂ ಸಮಸಮವಾಗಿ ಬಂದವು. ಅಣ್ಣ ಕ್ರಿಯೆಂಗ್ ಮೂತಿ ಹತ್ತಿದ. ಹಸಿರಿನವನೂ ಹತ್ತಿದ. ನೀರು ಆಳೆತ್ತರ ಹಾರಿ ತೀರ್ಪುಗಾರರ ತೆಪ್ಪವನ್ನೇ ಮುಚ್ಚಿತು. ನೀರು ಇಳಿದಾಗ ಕ್ರಿಯೆಂಗ್‌ನ ತಲೆ ಕಂಡಿತು, ಕೈಯಲ್ಲಿ ಬಾವುಟ.

"ಮೊದ್ಲು ಬಿದ್ದ! ಬಿದ್ಮೇಲೆ ಕಿತ್ತ!" ಆ ದಡ ಕೂಗಿತು.

ತೀರ್ಪುಗಾರರು ತಲೆಗೆ ತಲೆ ಕೊಟ್ಟು ನಿಂತರು. ಅವರಿಗೆ ಕಾಣದ್ದು ಎತ್ತರದಲ್ಲಿದ್ದ ಮೊತ್‌ಗೆ ಕಂಡಿತ್ತು. ಅಣ್ಣ ಸರಿಯಾಗಿಯೇ ಹಿಡಿದಿದ್ದ. ಹೇಳಿದರೆ ತಂಗಿಯ ಪಕ್ಷಪಾತ ಎನ್ನುತ್ತಾರೆ, ಮೈಕು ಹೋಗುತ್ತದೆ. ಹೇಳದಿದ್ದರೆ ಏನೂ ಕಾಣದೆ ರೇಡಿಯೋ ಕೇಳುತ್ತ ಕೂತ ಮನೆಮನೆಯವರಿಗೆ ಅವಳು ಯಾತಕ್ಕೆ?

"ಮಾತಾಡೇ! ರೇಡಿಯೋ ಸತ್ತಂಗಿದೆ," ಎಂದು ಚವಲಿತ್ ಪಿಸುಗುಟ್ಟಿದರು.

"ಕೆಂಪು ದೋಣಿಯ ಮೂತಿಯಾಳು ನನ್ನ ಒಡಹುಟ್ಟಿದ ಅಣ್ಣ," ಎಂದಳು ಮೊತ್. "ಅದು ಮೊದಲು ಗೊತ್ತಿರಲಿ. ನಾನು ಕಂಡದ್ದು ಇಷ್ಟು. ಎಡಗಾಲು ಮೂತಿಗೆ ತೊಡರಿಕೊಂಡಿತ್ತು, ಬಲಗೈ ಬಾವುಟ ಹಿಡಿದಿತ್ತು, ಆಮೇಲೆ ಬಿದ್ದ. ಗೆದ್ದೋರು ಯಾರು ಅಂತ ತೀರ್ಪುಗಾರರೇ ಹೇಳ್ತಾರೆ."

"ಅಣ್ಣನ ಬಾಲ! ಇಳಿಸ್ರೋ ಅವಳ್ನ!" ಹಸಿರು ದೋಣಿಯವರು ಕೂಗಿದರು.

ತಂಪುಪಾನೀಯದ ಮಂಜುಗಡ್ಡೆಯ ಚೂರುಗಳು ಹಾರಿ ಬಂದು ಅಟ್ಟಣಿಗೆಯ ಹಲಗೆಗೆ ಬಡಿದವು. ಚವಲಿತ್‌ರ ಬೆರಳು ಸ್ವಿಚ್ಚನ್ನು ಒತ್ತಲೂ ಇಲ್ಲ, ಅಲ್ಲಿಂದ ಏಳಲೂ ಇಲ್ಲ. ಕೊನೆಗೆ ತೆಪ್ಪದಿಂದ ತೀರ್ಪು ಬಂತು: ಇನ್ನೊಮ್ಮೆ ಓಡಬೇಕು.

ಎರಡನೆಯ ಓಟದಲ್ಲಿ ಕೆಂಪು ದೋಣಿ ಮೊದಲಿಂದಲೇ ಮುಂದಿತ್ತು. ಮೊತ್ ಒಂದೊಂದು ಹುಟ್ಟಿನ ಏಟನ್ನೂ ಹೇಳುತ್ತ ಬಂದಳು. ಕ್ರಿಯೆಂಗ್ ಮೂತಿ ಹತ್ತಿದ, ಚಾಚಿದ. ಮೊಣಕಾಲು ಜಾರಿತು. ಇಡೀ ದಡ ಉಸಿರು ಹಿಡಿಯಿತು. ಮೊತ್ ಒಳಗೊಳಗೇ ಬುದ್ಧನನ್ನು ನೆನೆದಳು. ಅಣ್ಣ ಗೆಲ್ಲಲಿ ಎಂದಲ್ಲ, ದನಿ ನಿಲ್ಲದಿರಲಿ ಎಂದು.

"ಕ್ರಿಯೆಂಗ್ ಬಿದ್ದ. ಕೈ ಖಾಲಿ! ಬಾವುಟ ಇನ್ನೂ ಅಲ್ಲೇ ಇದೆ. ಹಸಿರಿನವನು ಮೂತಿ ಮೇಲಿದ್ದಾನೆ, ಚಾಚಿದ, ಹಿಡಿದ, ಕಿತ್ತ! ಗೆದ್ದದ್ದು ಹಸಿರು ದೋಣಿ! ಥಾ ಮಾಪ್ರಾವ್!"

ಆ ದಡ ಹುಚ್ಚೆದ್ದು ಕುಣಿಯಿತು. ಮೊತ್ ಮೆಟ್ಟಿಲಿಳಿದು ಬಂದರೆ ಅವಳ ಊರಿನವನೊಬ್ಬ ಉಗಿದ: "ನಮ್ಮ ದೋಣಿ ಸೋತಿದ್ದಕ್ಕೆ ಹಬ್ಬದ ಡೋಲು ಬಾರಿಸ್ದಂಗೆ ಕಿರುಚ್ತೀಯಲ್ಲೇ!"

ನೀರು ಸುರಿಸುತ್ತ ಅಣ್ಣ ಎದುರು ನಿಂತ.

"ಮೊದಲ್ನೇ ಸಲ ಹಿಡಿದಿದ್ದೆ ತಾನೇ?"

"ಹಿಡಿದಿದ್ದೆ ಅಣ್ಣ."

"ಎರಡ್ನೇ ಸಲ?"

"ಇಲ್ಲ."

"ಅಷ್ಟು ಬೇಗ ಹೇಳ್ಬೇಕಿತ್ತಾ? ನಾನಿನ್ನೂ ನೀರೊಳಗೇ ಇದ್ದೆ!" ಎಂದ. ನಗು ಬರಲಿಲ್ಲ ಅವನಿಗೆ. ಆದರೂ ಅವಳ ಹೆಗಲ ಮೇಲಿದ್ದ ಮೈಕಿನ ತಂತಿಯ ಸುರುಳಿಯನ್ನು ಇಳಿಸಿ ತಾನು ಹೊತ್ತುಕೊಂಡ.

ಹಿಂದಿನಿಂದ ಚವಲಿತ್ ಬಂದರು.

"ಫುಟ್‌ಬಾಲ್‌ನಲ್ಲಿ ಆಫ್‌ಸೈಡ್ ಅಂದ್ರೇನು, ಗೊತ್ತಾ?"

"ಗೊತ್ತಿಲ್ಲ ಮಾಮ."

"ಶನಿವಾರದೊಳಗೆ ಕಲಿತ್ಕೋ. ಜಿಲ್ಲಾ ಪಂದ್ಯ ಇದೆ."