ಕೂಸಿನ ಬಟ್ಟೆ ಒಗೆದ ಪಾಯಪ್ಪ

ಖಾನಾಪುರದ ಪೇಟೆಯಲ್ಲಿ ಪಾಯಪ್ಪನ ಅಕ್ಕಿ ಅಂಗಡಿ ಇತ್ತು. ೧೯೨೬ರ ಮಳೆಗಾಲದಲ್ಲಿ ಅವನ ಹೆಂಡತಿ ಜಿನಮತಿ ಚೊಚ್ಚಲ ಹೆರಿಗೆಯಾಗಿ, ಜ್ವರ ಏರಿ ತೀರಿಕೊಂಡಳು. ಹೆಣ್ಣು ಕೂಸು ಬದುಕಿತು. ಜಿನಮತಿಯ ತಾಯಿ ಸೋನಾಬಾಯಿ ಬೆಳಗಾವಿಯಿಂದ ಬಂದು ಒಂದು ತಿಂಗಳು ನೋಡಿಕೊಂಡರು. ಹೊರಡುವಾಗ ಕೂಸನ್ನೂ ಕರೆದೊಯ್ಯುತ್ತೇನೆಂದರು.

“ಇಲ್ಲೇ ಇರ್ಲಿ ಬಿಡ್ರಿ, ಅತ್ತಿಯವರ.”

“ಗಂಡಸರು ನೀವು. ಹೆಂಗ ಮಾಡತೀರಿ?”

ಅದು ಅವನಿಗೂ ಗೊತ್ತಿರಲಿಲ್ಲ. ಇಲ್ಲೇ ಇರಲಿ ಎಂದದ್ದು ಮಮತೆಯಿಂದಲೂ ಅಲ್ಲ. ಮನೆಯಲ್ಲಿ ಇದ್ದದ್ದು ಇದ್ದಲ್ಲೇ ಇರಲಿ, ಇನ್ನೇನೂ ಅಲುಗಾಡುವುದು ಬೇಡ ಎನಿಸಿತ್ತು, ಅಷ್ಟೇ. ಹೆಂಡತಿ ತೀರಿಕೊಂಡ ದಿನದಿಂದ ಅವನು ಅತ್ತಿರಲಿಲ್ಲ. ಹಸಿವು, ನಿದ್ದೆ ಎಲ್ಲ ಹೊತ್ತಿಗೆ ಸರಿಯಾಗಿ ಬರುತ್ತಿದ್ದವು. ಅದೇ ಅವನಿಗೆ ವಿಚಿತ್ರವೆನಿಸುತ್ತಿತ್ತು.

ಎದುರು ಮನೆಯ ಗೌರವ್ವನ ಗಂಡ ರೈಲ್ವೆಯಲ್ಲಿ ಕೆಲಸಕ್ಕಿದ್ದ. ಎಂಟು ತಿಂಗಳ ಮಗನಿದ್ದ ಅವಳು ಈ ಕೂಸಿಗೂ ಹಾಲು ಕೊಡುತ್ತಿದ್ದಳು. ಪಾಯಪ್ಪ ಅಂಗಡಿಯಲ್ಲಿರುವಷ್ಟು ಹೊತ್ತೂ ಕೂಸು ಅವಳ ಮನೆಯಲ್ಲೇ. ಬಟ್ಟೆಯ ರಾಶಿಯನ್ನೂ ಅವಳ ಮೇಲೆ ಹೇರಬಾರದೆಂದು ಉಚ್ಚೆ, ಹೇಲಿನ ಬಟ್ಟೆಗಳನ್ನು ಪಾಯಪ್ಪನೇ ಒಗೆಯತೊಡಗಿದ. ಬಾವಿಕಟ್ಟೆಯ ಹತ್ತಿರ ಹಾದುಹೋಗುವವರು ಕೇಳುತ್ತಿದ್ದರು:

“ಇದೇನೋ ಪಾಯಪ್ಪ, ಹೆಂಗಸರ ಕೆಲಸ ಹಿಡದಿ?”

“ಹೂಂ,” ಎನ್ನುತ್ತಿದ್ದ. ನಾಚಿಕೆಯೂ ಆಗುತ್ತಿರಲಿಲ್ಲ, ಸಿಟ್ಟೂ ಬರುತ್ತಿರಲಿಲ್ಲ.

ತನ್ನ ಧೋತರ ಒಗೆದಂತೆಯೇ ಕೂಸಿನ ಬಟ್ಟೆಗಳನ್ನೂ ಒಗೆದ. ಸಾಬೂನು ತಿಕ್ಕಿ, ಒಮ್ಮೆ ಜಾಲಿಸಿ, ಗಂಜಿ ಹಾಕಿದ. ಬಟ್ಟೆ ಬೆಳ್ಳಗೆ ಗರಿಗರಿಯಾಗಿ ಒಣಗಿತು. ಕೂಸಿನ ತೊಡೆ ಮಾತ್ರ ಕೆಂಪಾಗಿ ಬಿರಿಯಿತು. ಒಂದು ದಿನ ಗೌರವ್ವ ಅವನ ಮುಂದೆಯೇ ಒಣಗಿದ ಬಟ್ಟೆಯೊಂದರ ಮೇಲೆ ನೀರು ಚಿಮುಕಿಸಿದಳು. ಕೆಸವಿನ ಎಲೆಯ ಮೇಲಿನಂತೆ ಹನಿಗಳು ಉರುಳಿ ಕೆಳಗೆ ಬಿದ್ದವು.

“ನೋಡು ತಮ್ಮಾ, ಅರಿವಿ ನೀರ ಕುಡಿಯಂಗಿಲ್ಲ. ಕೂಸಿಗೆ ಹಚ್ಚೂ ಔಡಲೆಣ್ಣಿ ಒಳಗ ಕುಂತೈತಿ. ಮ್ಯಾಲ ನೀ ಗಂಜಿ ಬ್ಯಾರೆ ಹಾಕೀದಿ. ಉಚ್ಚಿ ಎಲ್ಲಿ ಹೋಗಬೇಕು?”

“ಏನ್ ಮಾಡ್ಲಿ ಅಕ್ಕಾ?”

“ಮೊದಲ ತಣ್ಣೀರಾಗ ಹೊಲಸ ತಗಿ. ಬಿಸಿನೀರ ಹಾಕಿದಿ ಅಂದ್ರ ಕಲೆ ಕುಂತಬಿಡತೈತಿ. ಆಮ್ಯಾಗ ಬೂದಿ ತಿಳಿನೀರಾಗ ನೆನಿಹಾಕು, ಕುದಿಸು. ಕೈಗೆ ಜಾರೂದು ನಿಲ್ಲೂತನಕ ಜಾಲಿಸು. ಗಂಜಿ ಮುಟ್ಟಬ್ಯಾಡ. ಮತ್ತ ಇವು ಹೊಸಾವು, ಹೊಸಾ ಅರಿವಿ ಕುಡಿಯಂಗಿಲ್ಲ. ಒಗದ ಒಗದ ಹಳೀದಾದ ಸೀರಿ ಇದ್ರ ಕೊಡು.”

ಪಾಯಪ್ಪ ಒಳಗೆ ಹೋಗಿ ಪೆಟ್ಟಿಗೆ ತೆಗೆದ. ಜಿನಮತಿ ಮನೆಯಲ್ಲಿ ಉಡುತ್ತಿದ್ದ ಹಸಿರು ನೂಲಿನ ಸೀರೆ ಮೇಲೆಯೇ ಇತ್ತು. ಅಂಚಿನಲ್ಲಿ ಅರಿಸಿನದ ಕಲೆ. ಅದನ್ನು ತಂದು ಗೌರವ್ವನ ಮುಂದೆ ಬಿಚ್ಚಿದ. ಅವಳು ಸೆರಗು ಬಾಯಿಗೆ ಒತ್ತಿಕೊಂಡು ಅಳತೊಡಗಿದಳು.

ಪಾಯಪ್ಪ ಸ್ವಲ್ಪ ಹೊತ್ತು ಕಾದ. ತನಗೂ ಈಗ ಏನಾದರೂ ಆಗಬಹುದು ಎಂದುಕೊಂಡ. ಏನೂ ಆಗಲಿಲ್ಲ.

“ಎಷ್ಟು ಅಗಲ ಹರೀಲಿ, ಅಕ್ಕಾ?” ಎಂದು ಕೇಳಿದ.

ಗೌರವ್ವ ಅಳುತ್ತಲೇ ಮೊಳಕೈಯಿಂದ ಬೆರಳ ತುದಿಯವರೆಗೆ ಅಳತೆ ತೋರಿಸಿದಳು. ಅವನು ಹಲ್ಲಿನಿಂದ ಅಂಚು ಕಡಿದು ಹರಿದ. ಸೀರೆ ಸುಲಭವಾಗಿ ಹರಿಯಿತು.

ಆ ಮಳೆಗಾಲವೆಲ್ಲ ಅವನ ದಿನ ಹೀಗೆಯೇ ಸಾಗಿತು. ಬಿಸಿಲು ಕಾಣದಿದ್ದರೆ ಕೆಂಡದ ಮೇಲೆ ಬಿದಿರಿನ ಬುಟ್ಟಿ ಬೋರಲು ಹಾಕಿ ಬಟ್ಟೆ ಹರಡುತ್ತಿದ್ದ. ಎಣ್ಣೆ ನೀರು ಹಾಕಿದ ದಿನ ಕೂಸಿನ ಮೈಗೆ ಕಡಲೆಹಿಟ್ಟು ತಿಕ್ಕಿ, ಜಿಡ್ಡು ಹೋದ ಮೇಲೆಯೇ ಬಟ್ಟೆ ಕಟ್ಟುತ್ತಿದ್ದ. ಕೂಸಿನ ತೊಡೆ ವಾಸಿಯಾಯಿತು. ಅದು ನಗಲು ಕಲಿತಾಗ ಗೌರವ್ವ ಓಡಿ ಬಂದು ತೋರಿಸಿದಳು. ಚೆನ್ನಾಗಿದೆ ಎಂದು ಅವನಿಗೆ ತಿಳಿಯಿತು. ತಿಳಿದದ್ದು ಎದೆಯವರೆಗೆ ಇಳಿಯಲಿಲ್ಲ. ಮರುಮದುವೆಯ ಮಾತು ಬಂದಾಗ ಬೇಡವೆನ್ನಲಿಲ್ಲ, ಹೂಂ ಎನ್ನಲೂ ಇಲ್ಲ. ತಂದವರೇ ಸುಮ್ಮನಾದರು.

ಚಳಿಗಾಲದಲ್ಲಿ ಗೌರವ್ವನ ಗಂಡನಿಗೆ ಲೋಂಡಾಕ್ಕೆ ವರ್ಗವಾಯಿತು. ಹಗಲು ಕೂಸನ್ನು ನೋಡುವವರಿಲ್ಲ, ಹಾಲು ಕೊಡುವವರೂ ಇಲ್ಲ. ಪಾಯಪ್ಪ ಯಾರನ್ನೂ ಕೇಳದೆ ಕೂಸನ್ನೆತ್ತಿಕೊಂಡು ಬೆಳಗಾವಿಯ ರೈಲು ಹತ್ತಿದ.

ಸೋನಾಬಾಯಿ ಬಟ್ಟೆಯ ಗಂಟು ಬಿಚ್ಚಿದರು. ಹಸಿರು ತುಂಡುಗಳನ್ನು ನೋಡಿ ಅವರ ಕೈ ನಿಂತಿತು. ಮಗಳ ಸೀರೆ ಅವರಿಗೆ ಗುರುತು ಸಿಕ್ಕಿತ್ತು. ಪಾಯಪ್ಪ ಅದನ್ನು ಗಮನಿಸಿದನೋ ಇಲ್ಲವೋ, ಒಗೆಯುವ ರೀತಿ ಹೇಳತೊಡಗಿದ. ತಣ್ಣೀರು, ಬೂದಿನೀರು, ಕುದಿಸುವುದು, ಜಾಲಿಸುವುದು. ಒಂದೂ ಬಿಡಲಿಲ್ಲ. ಹೆಂಡತಿ ಸತ್ತ ಮೇಲೆ ಅವನು ಅಷ್ಟು ಹೊತ್ತು ಮಾತಾಡಿದ್ದು ಅದೇ ಮೊದಲು.

“ನಾನೂ ನಾಕ ಮಕ್ಕಳನ್ನ ಹಡದಾಕಿ,” ಎಂದರು ಸೋನಾಬಾಯಿ ಮೆಲ್ಲಗೆ. “ಗೊತ್ತೈತಿ ನನಗ. ಉಣ್ಣಾಕ ಏಳ್ರಿ.”

ಉಂಡು ಸಂಜೆಯ ಗಾಡಿಗೆ ಅವನು ಹಿಂದಿರುಗಿದ.

ತಿಂಗಳಿಗೊಮ್ಮೆ ಹೋಗಿ ಬರುತ್ತಿದ್ದ. ಕೂಸಿಗೆ ರತ್ನಮಾಲಾ ಎಂದು ಹೆಸರಿಟ್ಟರು. ಅವಳಿಗೆ ಮೂರು ತುಂಬುವ ಹೊತ್ತಿಗೆ ಸೋನಾಬಾಯಿಯವರ ಕಣ್ಣು ಮಂಜಾಯಿತು. ಪಾಯಪ್ಪನ ವಿಧವೆ ಅಕ್ಕ ಖಾನಾಪುರಕ್ಕೆ ಬಂದು ನಿಂತಳು. ರತ್ನಮಾಲಾಳೂ ಅಪ್ಪನ ಮನೆಗೆ ಬಂದಳು. ಈಗ ಅವಳಿಗೆ ಬಟ್ಟೆ ಕಟ್ಟುವ ಅಗತ್ಯವಿರಲಿಲ್ಲ. ಮಗುವಿಗಾಗಿ ಬೇರೇನು ಮಾಡಬೇಕೆಂದು ಪಾಯಪ್ಪನಿಗೆ ತಿಳಿಯದು. ಅಂಗಡಿಯಲ್ಲಿ ಚೀಲಗಳ ನಡುವೆ ಅವಳನ್ನು ಕೂರಿಸಿಕೊಂಡು ತಾನೂ ಸುಮ್ಮನೆ ಕೂರುತ್ತಿದ್ದ.

“ಅಪ್ಪಾ, ನೀ ಯಾಕ ಮಾತಾಡಂಗಿಲ್ಲ?” ಎಂದು ಒಂದು ಮಧ್ಯಾಹ್ನ ಅವಳು ಕೇಳಿದಳು.

“ಏನ್ ಮಾತಾಡ್ಲಿ?”

“ಏನರ.”

ಅವನು ಯೋಚಿಸಿದ. ಹತ್ತಿರದ ಚೀಲದಿಂದ ಒಂದು ಹಿಡಿ ಅಕ್ಕಿ ತೆಗೆದು ಅವಳ ಅಂಗೈಗೆ ಸುರಿದ.

“ಇದು ಜಾಂಬೋಟಿ ಊರ ಕಡೀಂದ ಬಂದ ಅಕ್ಕಿ,” ಎಂದ.

“ಮತ್ತ ಅದು?” ಎಂದು ಅವಳು ಇನ್ನೊಂದು ಚೀಲ ತೋರಿಸಿದಳು.

ಅವನು ಎದ್ದು ಆ ಚೀಲದ ಬಾಯಿ ಬಿಚ್ಚಿದ.