ಹಸಿರು ಕಾರಿನ ಎರಡು ಸದ್ದು

ನನ್ನ ಗಂಡನ ಕಿವಿ ಮಂದವಾಗಿದೆ ಎಂಬುದು ನನಗೆ ತಿಳಿದದ್ದು ಕುಕ್ಕರಿನಿಂದ. ಮೂರು ಸೀಟಿ ಆದ ಮೇಲೆ ಆರಿಸಿ ಎಂದು ಹೇಳಿ ನಾನು ನಲ್ಲಿಯಿಂದ ನೀರು ತರಲು ಹೋಗಿದ್ದೆ. ಬಂದು ನೋಡಿದರೆ ಮನೆಯೆಲ್ಲ ಬೇಳೆ ಸೀದ ವಾಸನೆ. ಅವರು ಒಲೆಯ ಪಕ್ಕದಲ್ಲೇ ಕುಳಿತು ಯಾವುದೋ ಸ್ಕೂಟರಿನ ಕಾರ್ಬ್ಯುರೇಟರ್ ಒರೆಸುತ್ತಿದ್ದರು.

"ಒಂದೂ ಸೀಟಿ ಆಗಿಲ್ಲ," ಎಂದರು.

ಮದುವೆಯಾಗಿ ಕಲಬುರಗಿ ಕಡೆಯಿಂದ ಮರಾಠಿ ಸೀಮೆಗೆ ಬಂದು ನಾನು ಸ್ವಾರಗೇಟ್ ನಿಲ್ದಾಣದಲ್ಲಿ ಬಸ್ಸಿಳಿದಾಗ ಅವರು ಒಂದು ಸಣ್ಣ ಕಾರ್ಖಾನೆಯಲ್ಲಿ ತಗಡು ಬಡಿಯುವ ಯಂತ್ರದ ಮುಂದೆ ನಿಲ್ಲುತ್ತಿದ್ದರು. ಒಂಬತ್ತು ವರ್ಷ ನಿಂತರು. ಆಮೇಲೆ ದೇಹೂ ರೋಡಿನ ಹೆದ್ದಾರಿ ಬದಿಯಲ್ಲಿ ತಗಡಿನ ಶೆಡ್ ಹಾಕಿ ತಮ್ಮದೇ ಗ್ಯಾರೇಜು ಶುರುಮಾಡಿದರು. ತೊಂಬತ್ತರ ದಶಕದ ನಡುವಿನ ವರ್ಷಗಳು ಅವು. ಮಾತು ಅವರಿಗೆ ಕೇಳುತ್ತಿತ್ತು, ಲಾರಿಯ ಹಾರ್ನ್ ಕೇಳುತ್ತಿತ್ತು. ಸೀಟಿಯಂಥ ಚೂಪು ಧ್ವನಿಗಳು, ಯಂತ್ರದೊಳಗಿನ ಸಣ್ಣ ಸದ್ದುಗಳು ಮಾತ್ರ ಕಿವಿಯಿಂದ ಹೊರಟುಹೋಗಿದ್ದವು. ನಾನು ಒತ್ತಿ ಕೇಳಿದ ಮೇಲೆ ಒಪ್ಪಿಕೊಂಡರು. "ಯಾರ ಮುಂದೂ ಬಾಯಿ ಬಿಡಬ್ಯಾಡ. ಮೆಕ್ಯಾನಿಕ್‌ಗ ಕಿವಿ ಕೇಳಂಗಿಲ್ಲ ಅಂದ್ರ ಗಾಡಿ ಯಾರು ತರ್ತಾರ?"

ಅದೇ ವರ್ಷ ಹಸಿರು ಕಾರು ಬಂತು. ಎರಡೇ ಸೀಟು, ಮೇಲೆ ಛಾವಣಿಯಿಲ್ಲ, ಸೈಕಲ್ಲಿನಂತೆ ಕಡ್ಡಿಗಳಿದ್ದ ಗಾಲಿಗಳು. ನೆಲಕ್ಕೆ ಎಷ್ಟು ಹತ್ತಿರವೆಂದರೆ ಒಳಗೆ ಕುಳಿತವರು ಮಣೆಯ ಮೇಲೆ ಕುಳಿತಂತೆ ಕಾಣುತ್ತಿದ್ದರು. ಅದರ ಒಡೆಯರು ಸೈನ್ಯದಿಂದ ನಿವೃತ್ತರಾದ ಮರಾಠಿ ಸಾಹೇಬರು. ಬೆಳಗಾವಿಯಲ್ಲಿ ಬಹಳ ಕಾಲ ಇದ್ದುದರಿಂದ ಕನ್ನಡ ಬರುತ್ತಿತ್ತು, ಅದನ್ನು ಗಟ್ಟಿಯಾಗಿ, ಮೈದಾನದಲ್ಲಿ ನಿಂತವರ ಹಾಗೆ ಮಾತಾಡುತ್ತಿದ್ದರು. ಇಂಗ್ಲೆಂಡಿನಲ್ಲಿ ತಯಾರಾದ ಆ ಕಾರನ್ನು ಹರೆಯದಲ್ಲಿ ಕೊಂಡು ಮೂವತ್ತು ವರ್ಷ ಇಟ್ಟುಕೊಂಡಿದ್ದರಂತೆ.

"ಎರಡು ಆವಾಜ ಅದಾವು," ಎಂದರು. "ಕ್ಲಚ್ ಬಿಟ್ಟಾಗ ಟಕ್ ಅಂತದ. ಜೋರಾಗಿ ಹೊಂಟಾಗ ಗುಂಯ್ ಅಂತದ, ಬೀಸೋ ಕಲ್ಲಿನಂಗ. ಶಹರದಾಗ ಎರಡು ಸಲ ಗೇರ್‌ಬಾಕ್ಸ್ ಬಿಚ್ಚಿದರು. ಎರಡೂ ಹಂಗೇ ಅದಾವು. ನನ್ನ ಹೆಂಡತಿ ಇದರಾಗ ಕೂಡೋದೇ ಬಿಟ್ಟಾಳ."

ನಾನು ಊಟದ ಡಬ್ಬಿ ತಂದಿದ್ದೆ. ನನ್ನ ಗಂಡ ಒಬ್ಬರೇ ಕಾರನ್ನು ಓಡಿಸಿಕೊಂಡು ಹೋಗಿ ಬಂದರು. ಇಳಿದಾಗ ಅವರ ಮುಖ ನೋಡಿಯೇ ನನಗೆ ಗೊತ್ತಾಯಿತು. ಟಕ್ ಎಂಬುದು ಸೀಟಿನ ಮೂಲಕ ಮೈಗೆ ತಿಳಿದಿತ್ತು. ಗುಂಯ್ ಎಂಬುದು ತಿಳಿದಿರಲಿಲ್ಲ. ಕಾರಿನ ಕೆಳಗೆ ನುಗ್ಗಿ, ಎಂಜಿನ್ನಿನ ಶಕ್ತಿಯನ್ನು ಹಿಂದಿನ ಗಾಲಿಗಳಿಗೆ ಒಯ್ಯುವ ಉದ್ದನೆಯ ಶಾಫ್ಟನ್ನು ಹಿಡಿದು ತಿರುವಿದರು. ಅದರ ಎರಡು ತುದಿಯ ಕೀಲುಗಳಿಗೆ ಮೆಕ್ಯಾನಿಕರು ಕ್ರಾಸ್ ಎನ್ನುತ್ತಾರೆ. ಎರಡೂ ಸಡಿಲಾಗಿದ್ದವು. ಅವನ್ನು ಬದಲಿಸಲು ಎರಡು ದಿನ ಹಿಡಿಯಿತು. ಮೂರನೆಯ ದಿನ ನಾನು ಡಬ್ಬಿ ತಂದಾಗ ತಾವಾಗಿಯೇ ಕರೆದರು. "ಬಾ, ಕೂಡು. ಒಂದು ಸುತ್ತು ಹೋಗಿ ಬರೋಣ."

ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ಕುಳಿತೆ. ದಂಡಿನ ಪ್ರದೇಶದ ರಸ್ತೆ ನೇರವಾಗಿತ್ತು, ಎರಡೂ ಕಡೆ ಮರಗಳಿದ್ದವು, ವಾಹನಗಳಿರಲಿಲ್ಲ. ಗಾಳಿ ಮುಖಕ್ಕೆ ಬಡಿಯಿತು. ವೇಗ ಏರಿದಾಗ ಆ ಸದ್ದು ಬಂತು. ನಾನು ಮನೆಯಲ್ಲಿ ಬಟ್ಟೆ ಹೊಲಿಯುತ್ತಿದ್ದವಳು. ಹೊಲಿಗೆ ಯಂತ್ರಕ್ಕೆ ಎಣ್ಣೆ ಯಾವಾಗ ಬೇಕು, ಎಲ್ಲಿ ಬೇಕು ಎಂದು ಸದ್ದಿನಿಂದಲೇ ಹೇಳಬಲ್ಲೆ. ಹಾಗಾಗಿ ಕಣ್ಣು ಮುಚ್ಚಿ ಕೇಳಿದೆ.

"ಬಂತ್ರಿ. ಹಿಂದಿನಿಂದ ಬರ್ಲಿಕತ್ತದ."

ಅವರು ಗೇರು ತೆಗೆದು ಕಾರನ್ನು ಹಾಗೇ ಉರುಳಲು ಬಿಟ್ಟರು. "ಈಗ?"

"ಹಂಗೇ ಅದ. ಏನೂ ಕಮ್ಮಿ ಆಗಿಲ್ಲ."

"ಹಂಗಾದ್ರ ಗೇರ್‌ಬಾಕ್ಸಿಂದಲ್ಲ," ಎಂದು ಸ್ಟೇರಿಂಗನ್ನು ಮೆಲ್ಲಗೆ ಎಡಕ್ಕೆ ಎಳೆದರು. ಕಾರಿನ ಭಾರ ಬಲಗಡೆಗೆ ಬಿತ್ತು, ಸದ್ದು ಏರಿತು. ಬಲಕ್ಕೆ ಎಳೆದಾಗ ಹೆಚ್ಚುಕಡಿಮೆ ನಿಂತೇಹೋಯಿತು. ನಾನು ಹೇಳಿದೆ, ಅವರು ತಲೆಯಾಡಿಸಿದರು. ಮರಳಿ ಬಂದು ಬಲಗಡೆಯ ಹಿಂದಿನ ಗಾಲಿಗೆ ಜಾಕ್ ಕೊಟ್ಟು ಎತ್ತಿ, ಒಂದು ಕೈಯಿಂದ ಗಾಲಿ ತಿರುಗಿಸುತ್ತ ಇನ್ನೊಂದು ಕೈಯನ್ನು ಅದರ ಹತ್ತಿರದ ಪಾಟಾ ಎಂಬ ಸ್ಪ್ರಿಂಗ್ ಪಟ್ಟಿಯ ಮೇಲಿಟ್ಟರು. ಸ್ವಲ್ಪ ಹೊತ್ತಿನ ಮೇಲೆ ನನ್ನ ಕೈಯನ್ನೂ ಹಿಡಿದು ಅಲ್ಲಿಟ್ಟರು. ಒಳಗೆಲ್ಲೋ ಮರಳು ಅರೆದಂತೆ ಸಣ್ಣಗೆ ಅದುರುತ್ತಿತ್ತು. ಬೇರಿಂಗ್ ಬಿಚ್ಚಿದಾಗ ಅದರ ಗುಂಡುಗಳ ಮೇಲೆಲ್ಲ ಸಿಡುಬಿನ ಕಲೆಯಂಥ ಗುಳಿಗಳು ಇದ್ದವು.

ಹೊಸ ಬೇರಿಂಗ್ ಕೂತಿತು, ಗುಂಯ್ ಹೋಯಿತು. ಆದರೆ ಟಕ್ ಉಳಿದಿತ್ತು. ಸೀಟಿನ ಮೂಲಕ ಇವರಿಗೆ ತಿಳಿಯದಷ್ಟು ಸಣ್ಣದು, ಆದರೂ ನನಗೆ ಕೇಳುತ್ತಿತ್ತು. ಕಾರು ಒಯ್ಯಲು ಬಂದ ಸಾಹೇಬರಿಗೆ ಅದನ್ನು ಹೇಳಿದಾಗ, ತಾವೇ ಓಡಿಸಿ ನೋಡುತ್ತೇನೆಂದು ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡರು. ಶೆಡ್ಡಿನಿಂದ ಹಿಂದಕ್ಕೆ ತೆಗೆದು ಮುಂದಕ್ಕೆ ಬಿಟ್ಟಾಗ ಒಂದೇ ಒಂದು ಸಲ ಬಂತು.

"ಈಗ ಬಂತಲ್ರಿ ಸಾಹೇಬ್ರ, ಕೇಳಿತಿಲ್ಲೊ?"

ಅವರು ಕಾರು ನಿಲ್ಲಿಸಿ ನನ್ನನ್ನೇ ನೋಡಿದರು. ಆಮೇಲೆ ನಕ್ಕರು. "ವಹಿನಿ, ನಾ ತೋಪಖಾನೆಯವ. ತೋಪಿನ ಪಕ್ಕ ನಿಂತು ನಿಂತು ಕಿವಿ ಹೋಗ್ಯಾವು. ನನಗ ಎಲ್ಲಿ ಕೇಳ್ತದ? ನಮ್ಮ ಮನೆಯಾಕಿ ಹೇಳಿದ್ದನ್ನ ನಿಮಗ ಬಂದು ಹೇಳೀನಿ, ಅಷ್ಟೇ."

ವಹಿನಿ ಎಂದರೆ ಮರಾಠಿಯಲ್ಲಿ ಅತ್ತಿಗೆ. ಆ ಕರೆಯಿಂದಲೋ, ಅವರ ನಗುವಿನಿಂದಲೋ, ನನ್ನ ಬಾಯಿ ಜಾರಿತು. "ನಮ್ಮವರಿಗೂ ಕೇಳಂಗಿಲ್ರಿ. ಅದಕ್ಕ ನನ್ನ ಕೂರಿಸ್ತಾರ."

ಹೇಳಿದ ಮರುಕ್ಷಣ ಸೆರಗಿನಿಂದ ಬಾಯಿ ಮುಚ್ಚಿಕೊಂಡೆ. ಸಾಹೇಬರು ಕಾರನ್ನು ಶೆಡ್ಡಿಗೆ ತಿರುಗಿಸಿದರು. ಇಳಿದವರೇ ನನ್ನ ಗಂಡನ ಹೆಗಲ ಮೇಲೆ ಕೈಯಿಟ್ಟು, "ಏನಪಾ, ನೀನೂ ಕೆಪ್ಪ, ನಾನೂ ಕೆಪ್ಪ. ಈ ಗಾಡಿ ಯಾರ ಸಲುವಾಗಿ ರಿಪೇರಿ ಮಾಡ್ಲಿಕತ್ತೀವಿ?" ಎಂದು ಕೂಗಿದರು.

ನನ್ನ ಗಂಡ ನನ್ನ ಕಡೆ ನೋಡಿದ ನೋಟವನ್ನು ಮರೆಯಲಾರೆ. ಕಿವಿಯ ತನಕ ಕೆಂಪಾಗಿದ್ದರು. ಕೈಯಲ್ಲಿದ್ದ, ನಟ್ಟು ತಿರುಗಿಸುವ ಪಾನಾ ಕೆಳಗಿಟ್ಟರು. ಬೈಯುತ್ತಾರೆ ಎಂದುಕೊಂಡೆ. ಸಾಹೇಬರು ನಗುತ್ತಲೇ ಇದ್ದರು, ಕೊನೆಗೆ ಇವರಿಗೂ ನಗು ತಡೆಯಲಾಗಲಿಲ್ಲ. ನಕ್ಕು ಮುಗಿಸಿ ಸಾಹೇಬರ ಎದುರಿಗೇ ನನ್ನನ್ನು ಕೇಳಿದರು: "ಈಗಿನ ಟಕ್ ಎಲ್ಲಿಂದ ಬರ್ತದ, ಸರಿಯಾಗಿ ಹೇಳು."

"ನೀವು ಬದಲಿಸಿದ ಕ್ರಾಸ್ ನಡುವಿನಾಗ ಇದ್ದವು. ಇದು ನನ್ನ ಬೆನ್ನ ಹಿಂದ, ಎಡಕ್ಕ. ಹಿಂದ ಹೋಗಿ ಮುಂದ ಹೊಂಟಾಗ ಒಂದ ಸಲ ಬರ್ತದ, ಮತ್ತ ಬರಂಗಿಲ್ಲ."

ಅವರು ಎಡಗಡೆಯ ಹಿಂದಿನ ಗಾಲಿಯ ಮುಂದೆ ಕುಕ್ಕರಗಾಲಲ್ಲಿ ಕುಳಿತರು. ಆ ಕಾರಿನ ಗಾಲಿಗಳು ನಾಲ್ಕು ನಟ್ಟಿನ ಮೇಲೆ ನಿಲ್ಲುವಂಥವಲ್ಲ. ನಡುವೆ ಒಂದೇ ದೊಡ್ಡ ನಟ್ಟು, ಅದರ ಹಿಂದೆ ಒಂದರೊಳಗೊಂದು ಕೂರುವ ಹಲ್ಲುಗಳು. ಸುತ್ತಿಗೆಯಿಂದ ಬಡಿದು ನಟ್ಟು ಬಿಚ್ಚಿ ಗಾಲಿಯನ್ನು ಹೊರಗೆಳೆದರು. ಗಾಲಿಯೊಳಗಿನ ಹಲ್ಲುಗಳು ಸವೆದು ಚೂಪಾಗಿದ್ದವು. ಗಾಲಿಯನ್ನು ಹೊರುವ ಒಳಗಿನ ಗುಂಬದ ಹಲ್ಲುಗಳು ಮಾತ್ರ ಗಟ್ಟಿಯಾಗಿದ್ದವು. ದಿಕ್ಕು ಬದಲಾದಾಗಲೆಲ್ಲ ಗಾಲಿ ಕೂದಲೆಳೆಯಷ್ಟು ಜಾರಿ ಬಡಿಯುತ್ತಿತ್ತು. ಡಿಕ್ಕಿಯಲ್ಲಿ ಎಂದೂ ಬಳಸದ ಸ್ಟೆಪ್ನಿ ಇತ್ತು. ಅದಕ್ಕೆ ಗ್ರೀಸು ಸವರಿ ಕೂರಿಸಿದರು. ಹಿಂದೆ ತೆಗೆದೆವು, ಮುಂದೆ ಬಿಟ್ಟೆವು. ಸದ್ದಿಲ್ಲ. ನಾಲ್ಕು ಸಲ ಮಾಡಿದೆವು. ಸದ್ದೇ ಇಲ್ಲ.

"ನಮ್ಮ ಮಾತು ನಡಿಯಂಗಿಲ್ಲ, ಜಡ್ಜ್ ಸಾಹೇಬರ ಬರಲಿ," ಎಂದು ಸಾಹೇಬರು ಮರುದಿನ ಹೆಂಡತಿಯನ್ನು ಕರೆತಂದರು. ಸಣ್ಣ ಆಕಾರದ ಹೆಂಗಸು, ನರೆತ ಕೂದಲಿಗೆ ಅಬೋಲಿ ಎಂಬ ಕನಕಾಂಬರ ಹೂ ಮುಡಿದಿದ್ದರು. ಕಾರಿನ ಮೇಲೆ ನಂಬಿಕೆಯೇ ಇಲ್ಲದವರಂತೆ ಬಾಗಿಲ ಅಂಚು ಹಿಡಿದು ಕುಳಿತರು. ಇಬ್ಬರೂ ಹೆದ್ದಾರಿಗೆ ಹೋದರು. ಅರ್ಧ ಗಂಟೆಯಾಯಿತು, ಬರಲಿಲ್ಲ. ಒಂದು ಗಂಟೆಯಾಯಿತು. ದಾರಿಯಲ್ಲಿ ಏನಾದರೂ ಕೈಕೊಟ್ಟಿತೇ ಎಂದು ನನ್ನ ಗಂಡ ರಸ್ತೆಯ ಅಂಚಿಗೆ ಹೋಗಿ ನಿಂತರು. ಕೊನೆಗೆ ಹಸಿರು ಕಾರು ಕಂಡಿತು. ಸಾಹೇಬರ ಹೆಂಡತಿಯ ಕೂದಲೆಲ್ಲ ಕೆದರಿ, ಹೂವು ಎಲ್ಲೋ ಹಾರಿಹೋಗಿತ್ತು.

"ಗೇಲಾ ಆವಾಜ!" ಎಂದು ಕಾರಿನಿಂದಲೇ ಕೂಗಿದರು. ಸದ್ದು ಹೋಯಿತು! ಆಮೇಲೆ ಕೆಳಗಿಳಿದು ನನ್ನ ಎರಡೂ ಕೈ ಹಿಡಿದುಕೊಂಡರು.

ಅಲ್ಲಿಂದ ಮುಂದೆ ಮುಚ್ಚಿಡುವ ಕೆಲಸವೇ ಉಳಿಯಲಿಲ್ಲ. ಜೀಪು, ಟೆಂಪೊ, ಒಮ್ಮೆ ಮದುವೆಯ ದಿಬ್ಬಣದ ಬಸ್ಸಿನಲ್ಲೂ ನಾನು ಕುಳಿತು ಕೇಳಿದ್ದೇನೆ. ಶಹರದ ಆಚೆ ತುದಿಯ ವಿಮಾನ ನಗರದಿಂದಲೂ ಜನ ಬರತೊಡಗಿದರು. "ವಹಿನಿ ಇದ್ದಾರಾ?" ಎಂದು ಕೇಳಿಯೇ ಗಾಡಿ ಒಳಗೆ ತರುವವರು ಕೆಲವರಿದ್ದರು.

ಹೊಸ ಶತಮಾನ ಬಂದ ಮೇಲೆ ಸಾಹೇಬರ ಒತ್ತಾಯಕ್ಕೆ ನನ್ನ ಗಂಡ ಕಿವಿಗೆ ಮಷೀನು ಹಾಕಿಸಿಕೊಂಡರು. ಮೊದಲ ದಿನ ಗ್ಯಾರೇಜಿಗೆ ಬಂದು ಒಂದು ಹಳೆಯ ಜೀಪು ಚಾಲು ಮಾಡಿ, ಹತ್ತು ನಿಮಿಷ ಬೆರಗಾಗಿ ಕುಳಿತರು.

"ಇಷ್ಟೆಲ್ಲಾ ಸದ್ದು ಮಾಡ್ತದೇನು ಇದು?"

"ಹೌದ್ರಿ. ನಾ ದಿನಾ ಕೇಳೋದು ಇದನ್ನ."

ಮಷೀನು ತೆಗೆದು ಅಂಗಿಯ ಜೇಬಿಗೆ ಹಾಕಿಕೊಂಡು, ಪಕ್ಕದ ಸೀಟಿನ ಧೂಳನ್ನು ಕೈಯಿಂದ ಒರೆಸಿದರು. "ನೀನೇ ಬಾ. ಕೂಡು," ಎಂದರು.